ಎಂ.ಫಾರ್ಮ್ ಅನ್ನೋ ಓದು ಯಾಕೆ ಹುಟ್ಟಿತು, ರಾಯಚೂರು–ಬಳ್ಳಾರಿಗೆ ಅದು ಯಾಕೆ ಬೇಕು

ಬಿ.ಫಾರ್ಮ್ (ಫಾರ್ಮಸಿ ಪದವಿ) ಮುಗಿಸಿದ ಹುಡುಗನನ್ನು ಊರಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: "ಮೆಡಿಕಲ್ ಶಾಪ್ ಯಾವಾಗ ಹಾಕ್ತೀಯಪ್ಪಾ?" ಎಂ.ಫಾರ್ಮ್‌ಗೆ, ಅಂದರೆ ಫಾರ್ಮಸಿಯ ಸ್ನಾತಕೋತ್ತರ ಓದಿಗೆ, ಸೇರ್ತೀನಿ ಅಂದರೆ ಮನೆಯವರಿಗೇ ತಲೆಗೆ ಹೋಗುವುದಿಲ್ಲ. ಅಂಗಡಿ ಹಾಕೋಕೆ ಡಿ.ಫಾರ್ಮ್ ಡಿಪ್ಲೊಮಾ ಸಾಕಲ್ವಾ, ಮತ್ತೆ ಎರಡು ವರ್ಷ ಯಾಕೆ, ಅಷ್ಟೊಂದು ಫೀಸು ಯಾಕೆ? ಸಿಂಧನೂರು, ಗಂಗಾವತಿ, ಸಿರುಗುಪ್ಪ, ಎಲ್ಲಿಗೆ ಹೋದರೂ ಇದೇ. ಕೇಳುವವರದ್ದು ತಪ್ಪಲ್ಲ. ಈ ಓದು ಯಾಕೆ ಶುರುವಾಯಿತು ಅಂತ ಅವರಿಗೆ ಯಾರೂ ಹೇಳಿಲ್ಲ.

ಶುರುವಾಗಿದ್ದು ಕಲಬೆರಕೆ ಔಷಧದಿಂದ. 1920ರ ದಶಕದಲ್ಲಿ ಮಲೇರಿಯಾಕ್ಕೆ ಜನ ನಂಬಿಕೊಂಡಿದ್ದು ಕ್ವಿನೈನ್ ಒಂದನ್ನೇ, ಆದರೆ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಕ್ವಿನೈನ್‌ನಲ್ಲಿ ಕ್ವಿನೈನ್ ಎಷ್ಟಿದೆ ಅಂತ ನೋಡುವವರೇ ಇರಲಿಲ್ಲ. ಗಲಾಟೆ ಜಾಸ್ತಿಯಾಗಿ 1930ರಲ್ಲಿ ಸರ್ಕಾರ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಮರುವರ್ಷ ವರದಿ ಬಂತು: ಔಷಧಕ್ಕೆ ಕಾನೂನು ಬೇಕು, ಪರೀಕ್ಷೆ ಮಾಡುವ ಲ್ಯಾಬ್ ಬೇಕು, ಕಲಿತ ಜನ ಬೇಕು. 1932ರಲ್ಲಿ ಮಹಾದೇವಲಾಲ್ ಶ್ರಾಫ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಆರಂಭಿಸಿದರು. 1937ಕ್ಕೆ ಬಿ.ಫಾರ್ಮ್ ಬಂತು. 1940ರಲ್ಲಿ ಡ್ರಗ್ಸ್ ಆಕ್ಟ್ ಬಂತು, ಸುಮಾರು ಅದೇ ಹೊತ್ತಿಗೆ ಬನಾರಸ್‌ನಲ್ಲೇ ಎಂ.ಫಾರ್ಮ್ ಕೂಡ. ಈ ಎರಡೂ ಜೊತೆಗೆ ಬಂದಿದ್ದನ್ನು ಗಮನಿಸಿ. ಔಷಧ ತಯಾರಿಸುವವರು, ತಯಾರಾದದ್ದನ್ನು ಪರೀಕ್ಷಿಸುವವರು ಬೇಕು ಅಂತಲೇ ಈ ಓದು ಬಂದದ್ದು. ಅಂಗಡಿಯ ಫಾರ್ಮಸಿಸ್ಟ್‌ಗೆ ನೋಂದಣಿ, ಡಿ.ಫಾರ್ಮ್ ನಿಯಮ ಎಲ್ಲ 1948ರ ಫಾರ್ಮಸಿ ಆಕ್ಟ್ ಆದಮೇಲಿನ ಮಾತು.

ನಮ್ಮ ಕಡೆಗೆ ಇದು ಬಹಳ ತಡವಾಗಿ ಬಂತು. ಆಗ ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಏಕೀಕರಣವಾದ ಮೇಲೂ ರಾಜ್ಯದ ಹೆಸರಾದ ಫಾರ್ಮಸಿ ಕಾಲೇಜುಗಳು ಎದ್ದಿದ್ದು ಬೆಂಗಳೂರು, ಮಣಿಪಾಲ, ಬೆಳಗಾವಿ, ಮೈಸೂರಿನಲ್ಲಿ. ರಾಯಚೂರಿನ ವಿ.ಎಲ್. ಕಾಲೇಜು, ಬಳ್ಳಾರಿಯ ಟಿ.ವಿ.ಎಂ. ಕಾಲೇಜು ಥರದವು ಆಮೇಲೆ ಬಂದವು, ಅದೂ ಖಾಸಗಿ ಸಂಸ್ಥೆಗಳಿಂದ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಆದಮೇಲೆ ನಮ್ಮ ಭಾಗದ ಈ ಕಾಲೇಜುಗಳು ಅದರಡಿ ಸೇರಿದವು.

ಇತ್ತ ನಮ್ಮ ಪಕ್ಕದಲ್ಲೇ ಬೇರೆಯೇ ಒಂದು ಲೋಕ ಬೆಳೆಯುತ್ತಿತ್ತು. ಹೈದರಾಬಾದಿನಲ್ಲಿ ಸರ್ಕಾರಿ ಔಷಧ ಕಂಪನಿ ಐಡಿಪಿಎಲ್‌ನ ಕಾರ್ಖಾನೆ ಬಂತು. 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಕೊಡದೆ ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು, ಹಾಗಾಗಿ ಅದೇ ಔಷಧವನ್ನು ಬೇರೆ ದಾರಿಯಲ್ಲಿ ಮಾಡಬಲ್ಲವರಿಗೆ ಬಾಗಿಲು ತೆರೆಯಿತು. ಐಡಿಪಿಎಲ್‌ನಲ್ಲಿ ಕೆಲಸ ಕಲಿತ ಅಂಜಿ ರೆಡ್ಡಿ ಅವರಂಥವರು ಹೊರಬಂದು ಸ್ವಂತ ಕಂಪನಿ ಕಟ್ಟಿದರು. 2007ರಲ್ಲಿ ಅದೇ ಐಡಿಪಿಎಲ್ ಆವರಣದಲ್ಲಿ ಕೇಂದ್ರ ಸರ್ಕಾರದ ಫಾರ್ಮಸಿ ಓದು–ಸಂಶೋಧನೆಯ ಸಂಸ್ಥೆ ನೈಪರ್ ಹೈದರಾಬಾದ್ ಶುರುವಾಯಿತು. ರಾಯಚೂರಿನಿಂದ ರೈಲು ಹತ್ತಿದರೆ ಕೆಲವೇ ತಾಸು. ನಮ್ಮ ಹುಡುಗರು ಅತ್ತ ಹೋಗಿದ್ದರಲ್ಲಿ ಆಶ್ಚರ್ಯವೇನಿದೆ? ಆದರೆ ರಾಯಚೂರಿನ ದೇವಸುಗೂರಿನಲ್ಲೇ ಕ್ಯಾನ್ಸರ್ ಔಷಧದ ಮೂಲವಸ್ತು ತಯಾರಿಸಿ ಹೊರದೇಶಕ್ಕೆ ಕಳಿಸುವ ಶಿಲ್ಪಾ ಮೆಡಿಕೇರ್ ಇದೆ ಅನ್ನುವುದು ನಮ್ಮವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಲ್ಲಿ ಶಾಖೋತ್ಪನ್ನ ಕೇಂದ್ರ ಮಾತ್ರ ಇರೋದು ಅಂದುಕೊಂಡಿರುತ್ತಾರೆ.

ಪ್ರವೇಶದ ನಿಯಮಗಳೂ ಬದಲಾದವು. ಮೊದಲು ಎಂಜಿನಿಯರಿಂಗ್‌ನವರು ಸ್ನಾತಕೋತ್ತರ ಓದಿಗೆ ಬರೆಯುವ ಗೇಟ್ ಪರೀಕ್ಷೆಯಲ್ಲೇ ಫಾರ್ಮಸಿ ಪತ್ರಿಕೆ ಇತ್ತು. 2010ರಿಂದ ಅದರ ಜಾಗಕ್ಕೆ ಎಂ.ಫಾರ್ಮ್ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆ ಜಿಪ್ಯಾಟ್ ಬಂತು. ಅದರಲ್ಲಿ ಅರ್ಹತೆ ಪಡೆದು ಮಾನ್ಯತೆ ಇರುವ ಕಾಲೇಜಿಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ಬಡ ಮನೆಯ ಮಕ್ಕಳಿಗೆ ಇದು ಸಣ್ಣ ದುಡ್ಡಲ್ಲ. 2013ರಲ್ಲಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾದ ಮೇಲೆ ನಮ್ಮ ಭಾಗದ ಕಾಲೇಜುಗಳ ಸೀಟಿನಲ್ಲಿ ಶೇ. 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ನಮ್ಮವರಿಗೆ ಮೀಸಲು. ಜಿಪ್ಯಾಟ್ ಬರೆಯದೆ, 371(ಜೆ) ಪ್ರಮಾಣಪತ್ರ ಮಾಡಿಸದೆ, ಸುಮ್ನೆ ದುಡ್ಡು ಕಟ್ಟಿ ಸೇರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಈಗ ಬಳ್ಳಾರಿಯ ಮಾತು. 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಅಲ್ಲಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಸರ್ಕಾರದ ಅನುಮಾನ ಹೋಗಿದ್ದು ಅವರಿಗೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ಬಾಟಲಿಯ ಮೇಲೆ. ಅದನ್ನು ತಯಾರಿಸಿದ ಕಂಪನಿಯ ಕೆಲವು ಬ್ಯಾಚ್‌ಗಳು ಸರಿಯಿಲ್ಲ ಅಂತ ರಾಜ್ಯದ ಪರೀಕ್ಷೆ ಮೊದಲೇ ಹೇಳಿತ್ತು, ಕೇಂದ್ರದ ಲ್ಯಾಬ್ ಅವುಗಳಲ್ಲಿ ಕೆಲವನ್ನು ಪಾಸ್ ಮಾಡಿತ್ತು. ಎರಡು ಲ್ಯಾಬ್, ಎರಡು ಉತ್ತರ. ನಡುವೆ ಹಸುಗೂಸುಗಳು ತಾಯಿಯಿಲ್ಲದೆ ಉಳಿದವು.

ಇಂಥ ಬಾಟಲಿಗಳಲ್ಲಿ ನೋಡಬೇಕಾದ ಒಂದು ಮುಖ್ಯ ಅಂಶ ಎಂಡೋಟಾಕ್ಸಿನ್. ಅಂದರೆ ಕೆಲವು ಬಗೆಯ ಬ್ಯಾಕ್ಟೀರಿಯಾದ ಹೊರಪೊರೆಯ ವಿಷ. 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿದರೆ, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸಿದರೆ, ಬ್ಯಾಕ್ಟೀರಿಯಾ ಸಾಯುತ್ತದೆ, ಈ ವಿಷ ಉಳಿಯುತ್ತದೆ. ನೀರು ಮೊದಲೇ ಕೆಟ್ಟಿದ್ದರೆ ಆಮೇಲೆ ಕಾಯಿಸಿ ಪ್ರಯೋಜನವಿಲ್ಲ. ರಕ್ತಕ್ಕೆ ಸೇರಿದರೆ ಚಳಿಜ್ವರ, ಬಿಪಿ ಕುಸಿತ, ಜಾಸ್ತಿಯಾದರೆ ಕಿಡ್ನಿಯಂಥ ಅಂಗಗಳೇ ಸೋಲುತ್ತವೆ. ಪರೀಕ್ಷೆ ನೋಡಲು ಸರಳ. ಲಾಳದ ಆಕಾರದ ಒಂದು ಸಮುದ್ರಜೀವಿಯ ರಕ್ತದಿಂದ ಮಾಡಿದ ಪುಡಿಯನ್ನು ಕರಗಿಸಿ, ಪುಟ್ಟ ಗಾಜಿನ ಟ್ಯೂಬಿನಲ್ಲಿ ಸ್ಯಾಂಪಲ್ ಜೊತೆ ಸೇರಿಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಾಡಿಸದೆ ಇಟ್ಟು, ಆಮೇಲೆ ನಿಧಾನಕ್ಕೆ ತಲೆಕೆಳಗೆ ಮಾಡುವುದು. ಒಳಗಿನದ್ದು ಗಟ್ಟಿಯಾಗಿ ಜಾರದೆ ನಿಂತರೆ ಎಂಡೋಟಾಕ್ಸಿನ್ ಮಿತಿ ಮೀರಿದೆ ಅಂತ. ಆದರೆ ಸ್ಯಾಂಪಲ್ ಎಷ್ಟು ಪಟ್ಟು ತೆಳು ಮಾಡಬೇಕು, ಅದರ ಆಮ್ಲೀಯತೆ ಪರೀಕ್ಷೆಗೇ ಅಡ್ಡ ಬರುತ್ತಿದೆಯೋ, ಗಾಜಿನ ಸಾಮಾನು ನಿಜಕ್ಕೂ ಶುದ್ಧವಿತ್ತೋ ಅಂತ ನಿರ್ಧರಿಸಲು ಕಲಿತವರೇ ಬೇಕು. ಎಂ.ಫಾರ್ಮ್‌ನ ಅನಾಲಿಸಿಸ್, ಕ್ವಾಲಿಟಿ ಅಶ್ಯೂರೆನ್ಸ್ ವಿಭಾಗಗಳಲ್ಲಿ ಕಲಿಯಬೇಕಾದ್ದು ಇದನ್ನೇ.

ರಾಜ್ಯದ ಔಷಧ ಪರೀಕ್ಷಾ ಲ್ಯಾಬ್‌ಗಳು ಬೆಂಗಳೂರು, ಹುಬ್ಬಳ್ಳಿ ಮತ್ತು ನಮ್ಮ ಬಳ್ಳಾರಿಯಲ್ಲಿವೆ. ಅಲ್ಲಿ ಗವರ್ನಮೆಂಟ್ ಅನಲಿಸ್ಟ್, ಅಂದರೆ ಔಷಧ ಪರೀಕ್ಷಿಸಿ ವರದಿ ಕೊಡುವ ಸರ್ಕಾರಿ ಅಧಿಕಾರಿ, ಆಗಲು ಬರೀ ಪದವಿ ಇದ್ದರೆ ಔಷಧ ಪರೀಕ್ಷೆಯಲ್ಲಿ 5 ವರ್ಷದ ಅನುಭವ ಬೇಕು, ಸ್ನಾತಕೋತ್ತರ ಪದವಿ ಇದ್ದರೆ 3 ವರ್ಷ ಸಾಕು. ನಿಯಮವೇ ಹಾಗಿದೆ. ಇದನ್ನು ಮನೆಯಲ್ಲಿ ಹೇಳಿ. "ಎಂ.ಫಾರ್ಮ್ ಮಾಡಿ ಲೆಕ್ಚರರ್ ಆಗೋದು ತಾನೇ" ಅನ್ನುವವರಿಗೂ ಹೇಳಿ.

ಇನ್ನೊಂದು ಮಾತು, ಈಗಾಗಲೇ ಓದುತ್ತಿರುವವರಿಗೆ. ಕೊನೆಯ ವರ್ಷವೆಲ್ಲ ಹೆಚ್ಚುಕಡಿಮೆ ಪ್ರಾಜೆಕ್ಟ್‌ನದ್ದೇ. ಹಳೆಯ ಥೀಸಿಸ್ ತೆಗೆದು ಔಷಧದ ಹೆಸರು ಬದಲಿಸಿ ಬರೆಯುವ ಚಾಳಿ ಬಿಡಿ, ಕೈಗೆಟುಕುವಲ್ಲೇ ವಿಷಯ ಬಿದ್ದಿದೆ. ಮಾತ್ರೆಯ ಪಟ್ಟಿಯ ಮೇಲೆ 30 ಡಿಗ್ರಿಗಿಂತ ಕಡಿಮೆಯಲ್ಲಿ ಇಡಿ ಅಂತ ಬರೆದಿರುತ್ತದೆ, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ದಾಟುತ್ತದೆ. ಹೆರಿಗೆಯಲ್ಲಿ ಬಳಸುವ ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಕರೆಂಟ್ ಹೋದಾಗ ಫ್ರಿಜ್ ಒಳಗೆ ಎಷ್ಟಾಗುತ್ತದೆ? ದೇವದುರ್ಗವೋ ಕುಷ್ಟಗಿಯೋ, ಒಂದು ಆರೋಗ್ಯ ಕೇಂದ್ರದಿಂದ ಅನುಮತಿ ಪಡೆದು ಬೇಸಿಗೆಗೆ ಮೊದಲು ಒಂದು ಸ್ಯಾಂಪಲ್, ಬೇಸಿಗೆ ಮುಗಿದ ಮೇಲೆ ಅದೇ ಬ್ಯಾಚ್‌ನದ್ದು ಇನ್ನೊಂದು ತನ್ನಿ. ಔಷಧದ ಅಂಶ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಔಷಧ ಎಷ್ಟು ಉಳಿದಿದೆ ನೋಡಿ. ಬಂದ ಫಲಿತಾಂಶ ಗೈಡ್‌ಗೆ ಕೊಟ್ಟಷ್ಟೇ ನಿಯತ್ತಾಗಿ ಜಿಲ್ಲಾ ಆರೋಗ್ಯಾಧಿಕಾರಿಗೂ ಕೊಡಿ.