ಹಿಟ್ಲರನ ಯೂನಿಫಾರ್ಮ್ ತೊಟ್ಟು ಬದುಕುಳಿದ ಯಹೂದಿ ಹುಡುಗ, ಜರ್ಮನಿಗೆ ಬೇಡವಾದ ಸಿನಿಮಾ

1992ರ ಆಸ್ಕರ್‌ಗೆ ವಿದೇಶಿ ಭಾಷೆಯ ವಿಭಾಗದಲ್ಲಿ ಜರ್ಮನಿ ಒಂದು ಸಿನಿಮಾವನ್ನೂ ಕಳಿಸಲಿಲ್ಲ. ಕಳಿಸೋಕೆ ಸಿನಿಮಾ ಇರಲಿಲ್ಲ ಅಂತಲ್ಲ. ‘ಯುರೋಪಾ ಯುರೋಪಾ’ ಅಮೆರಿಕದಲ್ಲಿ ಹೆಸರು ಮಾಡಿತ್ತು, ಮುಂದೆ ಗೋಲ್ಡನ್ ಗ್ಲೋಬ್ ಕೂಡ ಗೆದ್ದಿತು. ಆದರೂ ಜರ್ಮನಿಯ ಆಯ್ಕೆ ಸಮಿತಿ ಬೇಡ ಅಂದಿತು. ನಿರ್ದೇಶಕಿ ಅಗ್ನಿಯೆಷ್ಕಾ ಹಾಲೆಂಡ್ ಪೋಲೆಂಡಿನವರು, ನಿರ್ಮಾಣದಲ್ಲಿ ಫ್ರಾನ್ಸಿನ ಪಾಲೂ ಇದೆ, ಹಾಗಾಗಿ ಇದು ಜರ್ಮನ್ ಸಿನಿಮಾ ಅಲ್ಲ ಅನ್ನೋದು ಅವರು ಕೊಟ್ಟ ಕಾರಣ. ನನಗಂತೂ ಇದು ಒಪ್ಪಿಗೆಯಾಗಲಿಲ್ಲ. ಇದೇ ಹಾಲೆಂಡ್, ಇದೇ ನಿರ್ಮಾಪಕ ಆರ್ಟುರ್ ಬ್ರೌನರ್ ಸೇರಿ ಮಾಡಿದ್ದ 1985ರ ‘ಆಂಗ್ರಿ ಹಾರ್ವೆಸ್ಟ್’ ಸಿನಿಮಾವನ್ನು ಪಶ್ಚಿಮ ಜರ್ಮನಿಯೇ ಆಸ್ಕರ್‌ಗೆ ಕಳಿಸಿತ್ತು, ಅದಕ್ಕೆ ನಾಮನಿರ್ದೇಶನವೂ ಸಿಕ್ಕಿತ್ತು.

ಹಾಗಾದರೆ ಈ ಸಲ ಅಡ್ಡ ಬಂದದ್ದೇನು? ಕಥೆಯೇ ಅಂತ ನನಗನ್ನಿಸುತ್ತದೆ.

ಈ ಸಿನಿಮಾ ಹೇಳೋದು ಸಾಲಮನ್ ಪೆರೆಲ್ ಅವರ ನಿಜ ಬದುಕನ್ನು. ಅವರು 1925ರಲ್ಲಿ ಜರ್ಮನಿಯ ಪೈನೆ ಅನ್ನೋ ಊರಲ್ಲಿ ಹುಟ್ಟಿದವರು. ನಾಜಿಗಳ ಕಾಟ ತಾಳಲಾರದೆ ಮನೆಯವರು ಪೋಲೆಂಡಿನ ಲೋಡ್ಜ್ ನಗರಕ್ಕೆ ಹೋದರು. 1939ರಲ್ಲಿ ಜರ್ಮನ್ ಸೇನೆ ಅಲ್ಲಿಗೂ ಬಂತು. ಅಪ್ಪ ಅಮ್ಮ ಈ ಹುಡುಗನನ್ನು ಅಣ್ಣನ ಜೊತೆ ಪೂರ್ವಕ್ಕೆ, ಸೋವಿಯತ್ ಹಿಡಿತದಲ್ಲಿದ್ದ ಕಡೆಗೆ ಕಳಿಸಿದರು. ಹೊರಡುವಾಗ ಅಪ್ಪ ಹೇಳಿದ್ದು, ನೀನು ಯಹೂದಿ ಅನ್ನೋದನ್ನು ಮರೆಯಬೇಡ ಅಂತ. ಅಮ್ಮ ಹೇಳಿದ್ದು, ನೀನು ಬದುಕಬೇಕು ಅಂತ.

ಎರಡು ಮಾತನ್ನೂ ಒಟ್ಟಿಗೆ ನಡೆಸೋಕೆ ಆಗದ ದಿನ 1941ರ ಬೇಸಿಗೆಯಲ್ಲಿ ಬಂತು. ಮಿನ್ಸ್ಕ್ ಹತ್ತಿರದ ಒಂದು ಬಯಲಲ್ಲಿ, ಸೋವಿಯತ್ ಕಡೆಗೂ ನುಗ್ಗಿ ಬಂದಿದ್ದ ಜರ್ಮನ್ ಸೈನಿಕರು ಸೆರೆಸಿಕ್ಕವರನ್ನು ಸಾಲಾಗಿ ನಿಲ್ಲಿಸಿ, ಯಹೂದಿಗಳನ್ನು ಬೇರೆ ಮಾಡಿ ಕೊಲ್ಲುತ್ತಿದ್ದರು. ಸಾಲು ಮುಂದೆ ಸರಿಯುತ್ತಿದ್ದ ಹಾಗೆ ಹುಡುಗ ಹಿಮ್ಮಡಿಯಿಂದ ಮೆತ್ತನೆ ಮಣ್ಣು ಕೆದಕಿ ತನ್ನ ಕಾಗದಪತ್ರಗಳನ್ನು ಹೂತ. ಸರದಿ ಬಂದಾಗ, ನಾನು ಜರ್ಮನ್ ವಂಶದವನು ಅಂದ. ನಂಬಿದರು. ಹೆಸರು ಯೋಸೆಫ್ ಅಂತಾಯಿತು. ರಷ್ಯನ್ ಬರುತ್ತಿದ್ದರಿಂದ ಸೇನೆಯಲ್ಲಿ ದುಭಾಷಿಯಾದ. ಆಮೇಲೆ ಬ್ರೌನ್‌ಶ್ವೈಗ್‌ನಲ್ಲಿ ಹಿಟ್ಲರ್ ಯೂತ್ ಅನ್ನೋ ನಾಜಿ ಯುವ ಸಂಘಟನೆಯ ಶಾಲೆ, ಸ್ವಸ್ತಿಕದ ಯೂನಿಫಾರ್ಮ್. ಅಲ್ಲಿನ ಮೇಷ್ಟ್ರು ತರಗತಿಯಲ್ಲಿ ಅವನ ತಲೆ ಅಳೆದು, ಇವನು ಆರ್ಯನೇ ಅಂತ ಸಾರಿದರು! ಆದರೆ ಯಹೂದಿ ಗಂಡುಮಕ್ಕಳಿಗೆ ಮಾಡುವ ಸುನ್ನತಿಯ ಗುರುತು ಮೈಮೇಲೇ ಇತ್ತಲ್ಲ. ಪ್ರತಿ ಸ್ನಾನ, ಪ್ರತಿ ಡಾಕ್ಟರ್ ತಪಾಸಣೆಯೂ ಜೀವಭಯ.

ರಜೆ ಸಿಕ್ಕಾಗ ಅದೇ ಯೂನಿಫಾರ್ಮಿನಲ್ಲಿ ಲೋಡ್ಜ್‌ಗೆ ಹೋಗಿ, ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋ ಮಧ್ಯೆ ಹಾದುಹೋಗುವ ಟ್ರಾಮ್ ಹತ್ತಿ, ಅಪ್ಪ ಅಮ್ಮ ಎಲ್ಲಾದರೂ ಕಾಣುತ್ತಾರಾ ಅಂತ ಆಚೆಯಿಂದ ಈಚೆಗೆ ಮತ್ತೆ ಮತ್ತೆ ಓಡಾಡಿದ. ಯಾರೂ ಕಾಣಲಿಲ್ಲ. ಅಪ್ಪ ಘೆಟ್ಟೋದಲ್ಲೇ ಹಸಿವಿನಿಂದ ತೀರಿಕೊಂಡರು. ಅಮ್ಮನನ್ನು ಕೆಲ್ಮ್ನೋ ಅನ್ನೋ ನಾಜಿ ಸಾವಿನ ಕ್ಯಾಂಪಿನಲ್ಲಿ ಕೊಂದರು.

ಇಂಥ ಕಥೆಯಲ್ಲಿ ನೋಡುಗರಿಗೆ ಅಳು ಸುಲಭವಾಗಿ ಬರುವುದಿಲ್ಲ, ಕಸಿವಿಸಿ ಜಾಸ್ತಿ. ಹುಡುಗನಿಗೆ ಜರ್ಮನ್ ಗೆಳೆಯರು ಇಷ್ಟವಾಗುತ್ತಾರೆ, ಪ್ರೀತಿಯೂ ಆಗುತ್ತದೆ, ಕೆಲವು ಕಡೆ ನಗುವೂ ಬರುತ್ತದೆ. ಹಾಲೆಂಡ್ ಇದನ್ನೆಲ್ಲ ಮುಚ್ಚಿಡದೆ ತೋರಿಸಿದರು. ಒಂದು ಕಡೆಯಂತೂ ನಿಜದಿಂದ ದೂರ ಹೋದರು: ಸಿನಿಮಾದಲ್ಲಿ ಕೊನೆಗೆ ಅವನನ್ನು ಹಿಡಿಯುವುದು ಸೋವಿಯತ್ ಸೈನಿಕರು, ನಿಜವಾಗಿ ಹಿಡಿದದ್ದು ಅಮೆರಿಕನ್ನರು.

ಸಮಿತಿಯ ತೀರ್ಮಾನ ಜರ್ಮನಿಯಲ್ಲೇ ದೊಡ್ಡ ಗಲಾಟೆಯಾಯಿತು. ವೋಲ್ಫ್‌ಗಾಂಗ್ ಪೀಟರ್ಸನ್, ಫೋಲ್ಕರ್ ಶ್ಲೋಂಡೋರ್ಫ್ ಥರದ ನಿರ್ದೇಶಕರು ಸಿನಿಮಾ ಪರವಾಗಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಕೊನೆಗೆ ಹಾಲೆಂಡ್‌ಗೆ ಆಸ್ಕರ್‌ನಲ್ಲಿ ಚಿತ್ರಕಥೆಗೆ ನಾಮನಿರ್ದೇಶನ ಸಿಕ್ಕಿತು. ಅದಕ್ಕೆ ದೇಶದ ಶಿಫಾರಸು ಬೇಕಿರಲಿಲ್ಲ.

ಆದರೆ ಈ ಕಥೆ ಹೇಳೋಕೆ ಹಿಂಜರಿದವರು ಜರ್ಮನ್ನರು ಮಾತ್ರ ಅಲ್ಲ. 1948ರಲ್ಲಿ ಇಸ್ರೇಲಿಗೆ ಹೋದ ಪೆರೆಲ್ ತಾವೇ ಸುಮಾರು 40 ವರ್ಷ ಬಾಯಿ ಬಿಟ್ಟಿರಲಿಲ್ಲ. ಕ್ಯಾಂಪುಗಳಿಂದ ಬದುಕಿ ಬಂದವರ ಎದುರು, ನಾನೂ ಬದುಕುಳಿದವನು ಅಂತ ಹೇಗೆ ಹೇಳಲಿ ಅನ್ನೋ ಸಂಕಟ. ಹೃದಯದ ಆಪರೇಷನ್ ಆದ ಮೇಲೆ ಆತ್ಮಕಥೆ ಬರೆದರು, ಅದರಿಂದ ಸಿನಿಮಾ ಬಂತು. ಆಮೇಲೆ 2023ರಲ್ಲಿ 97ನೇ ವಯಸ್ಸಿಗೆ ತೀರಿಕೊಳ್ಳುವವರೆಗಿನ ವರ್ಷಗಳಲ್ಲಿ ಎಷ್ಟೋ ಜರ್ಮನ್ ಶಾಲೆಗಳಿಗೆ ಹೋಗಿ ಮಕ್ಕಳ ಮುಂದೆ ಕೂತು ಮಾತಾಡಿದರು. ಹಿಟ್ಲರ್ ಯೂತ್ ಶಾಲೆಯಲ್ಲಿ ಕಲಿಸಿದ್ದನ್ನು ತಾನೂ ಒಂದಷ್ಟು ನಂಬಿಬಿಟ್ಟಿದ್ದೆ, ಆ ನಾಜಿ ಹುಡುಗ ಇನ್ನೂ ನನ್ನೊಳಗೆ ಇದ್ದಾನೆ ಅನ್ನೋದನ್ನೂ ಅವರು ಬಚ್ಚಿಡುತ್ತಿರಲಿಲ್ಲ.