ಪೆಕ್ಟಿನೇಸ್: ಹಿಂಡಿದ ತಿರುಳಲ್ಲಿ ಉಳಿದ ರಸಕ್ಕೆ

ಮೂಸಂಬಿ, ಕಿತ್ತಳೆ ಹಿಂಡಿದರೆ ಹಣ್ಣಿನ ತೂಕದಲ್ಲಿ ಸುಮಾರು ಅರ್ಧ ಸಿಪ್ಪೆ, ನಾರು, ಬೀಜ, ತಿರುಳಾಗಿ ಉಳಿಯುತ್ತದೆ. ರಸ ಸೋಸುವ ಫಿನಿಷರ್ ಜರಡಿಯಿಂದ ಹೊರಬಿದ್ದ ತಿರುಳಿನಲ್ಲಿ ಸಕ್ಕರೆ, ಹುಳಿ ಇನ್ನೂ ಇರುತ್ತವೆ. ಅದನ್ನು ಎರಡು-ಮೂರು ಹಂತ ನೀರಲ್ಲಿ ತೊಳೆದು ತೆಗೆಯುವ ತೆಳು ರಸಕ್ಕೆ ಪಲ್ಪ್ ವಾಶ್ ಎನ್ನುತ್ತಾರೆ. ತೊಂದರೆ ಏನೆಂದರೆ ಅದರಲ್ಲಿ ಪೆಕ್ಟಿನ್, ಅಂದರೆ ಹಣ್ಣಿನ ಜೀವಕೋಶಗಳನ್ನು ಬೆಸೆದಿಡುವ ಅಂಟು ಪದಾರ್ಥವೂ ಇಳಿದು ಬರುತ್ತದೆ. ಹಾಗೇ ಕಾಯಿಸಿ ಗಟ್ಟಿಮಾಡಿದರೆ ಲೋಳೆಗಟ್ಟಿ ನೀರನ್ನು ಆವಿಯಾಗಿಸುವ ಇವಾಪರೇಟರ್ ಯಂತ್ರದ ಕೊಳವೆಗೆ ಅಂಟಿ ಸೀಯುತ್ತದೆ. ಪೆಕ್ಟಿನ್ನಿನ ಉದ್ದ ಸರಪಳಿಯನ್ನು ತುಂಡರಿಸುವ ಕಿಣ್ವಗಳ ಗುಂಪೇ ಪೆಕ್ಟಿನೇಸ್. ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟು ಅದರ ಮುಖ್ಯ ಮೂಲ.

ಪಲ್ಪ್ ವಾಶನ್ನು 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಂದು, ತಯಾರಕರು ಹೇಳಿದ ಅಳತೆಯ ಕಿಣ್ವ ಬೆರೆಸಿ, ನಿಧಾನವಾಗಿ ಕಲಕುತ್ತಾ ಅರ್ಧದಿಂದ ಒಂದು ಗಂಟೆ ಬಿಡಬೇಕು. 60 ದಾಟಿದರೆ ಕಿಣ್ವ ಬೇಗ ಸಾಯುತ್ತದೆ, 20ರಲ್ಲಿ ಕೆಲಸ ತೆವಳುತ್ತದೆ. ಮುಗಿಯಿತೇ ಎಂದು ಗಡಿಯಾರ ನೋಡಿ ತೀರ್ಮಾನಿಸಬೇಡಿ. ಸೋಸಿದ 5 ಮಿ.ಲೀ. ರಸಕ್ಕೆ ಆಮ್ಲ ಬೆರೆಸಿದ 10 ಮಿ.ಲೀ. ಆಲ್ಕೋಹಾಲ್ ಹಾಕಿ, ಕಾಲು ಗಂಟೆ ಬಿಟ್ಟು ನೋಡಿ: ಲೋಳೆಯ ಎಳೆ ತೇಲಿದರೆ ಪೆಕ್ಟಿನ್ ಉಳಿದಿದೆ. ಮುಗಿದ ಮೇಲೆ 90 ಡಿಗ್ರಿಗೆ ಕಾಯಿಸಿ ಕಿಣ್ವವನ್ನು ನಿಲ್ಲಿಸಬೇಕು.

ಕೋಲಾರ, ಚಿಕ್ಕಬಳ್ಳಾಪುರದ ಘಟಕಗಳು ಮೊದಲು ಗಮನಿಸಬೇಕಾದದ್ದು ನೀರು. ಇಲ್ಲಿನ ಆಳದ ಬೋರ್‌ವೆಲ್ ನೀರು ಬಹಳ ಕಡೆ ಗಡುಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು. ಹಣ್ಣಿನಲ್ಲೇ ಇರುವ ಪೆಕ್ಟಿನ್ ಮಿಥೈಲ್ ಎಸ್ಟರೇಸ್ ಎಂಬ ಕಿಣ್ವ ಪೆಕ್ಟಿನ್ನನ್ನು ಕತ್ತರಿಸುವುದಿಲ್ಲ, ಅದರ ಮಿಥೈಲ್ ಗುಂಪನ್ನಷ್ಟೇ ಕಳಚುತ್ತದೆ. ಹಾಗೆ ಬೋಳಾದ ಪೆಕ್ಟಿನ್ನಿಗೆ ನೀರಿನ ಕ್ಯಾಲ್ಸಿಯಂ ಸಿಕ್ಕರೆ ಗಂಟು ಕಟ್ಟುತ್ತದೆ. ಆಗ ಎಷ್ಟೋ ಜನ ಕಿಣ್ವದ ಪ್ರಮಾಣ ಏರಿಸುತ್ತಾರೆ. ತಪ್ಪು ಇರುವುದು ತೊಟ್ಟಿಯ ನೀರಿನಲ್ಲಿ. ಲವಣ ಸೋಸಿ ತೆಗೆದ ಆರ್‌ಒ ನೀರಿನಲ್ಲೇ ತೊಳೆಯಿರಿ.

ಸಿಪ್ಪೆ ಎಣ್ಣೆಗೂ ಪೆಕ್ಟಿನೇಸ್ ಸಹಾಯಕ. ಎಣ್ಣೆ-ನೀರಿನ ಮಿಶ್ರಣವನ್ನು ಹಿಡಿದಿಟ್ಟಿರುವ ಪೆಕ್ಟಿನ್ ಒಡೆದರೆ ವೇಗವಾಗಿ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜಿನಲ್ಲಿ ಎಣ್ಣೆ ಸುಲಭವಾಗಿ ಬೇರ್ಪಡುತ್ತದೆ. ಸಿಪ್ಪೆಯಿಂದ ಪೆಕ್ಟಿನ್ನನ್ನೇ ತೆಗೆದು ಮಾರುವ ಯೋಚನೆಯಿದ್ದರೆ ಮಾತ್ರ ಆ ಸಿಪ್ಪೆಗೆ ಈ ಕಿಣ್ವ ಸೋಕಿಸಬಾರದು.

ನಿಂಬೆಯ ಕಥೆ ಬೇರೆ. ಅದರ ಪಿಎಚ್ 2ರಿಂದ 2.5, ಸಾಮಾನ್ಯ ಪೆಕ್ಟಿನೇಸ್ ಅಷ್ಟು ಹುಳಿಯಲ್ಲಿ ಮಂಕಾಗುತ್ತದೆ, ಆಮ್ಲ ತಡೆಯುವ ಬಗೆಯನ್ನೇ ಕೇಳಿ ತರಬೇಕು. ಚಕ್ಕೋತದ ಕಹಿಗೆ ಪೆಕ್ಟಿನೇಸ್ ಮದ್ದಲ್ಲ: ಆ ಕಹಿ ಕೊಡುವ ನರಿಂಜಿನ್ನನ್ನು ಒಡೆಯುವುದು ನರಿಂಜಿನೇಸ್ ಎಂಬ ಇನ್ನೊಂದು ಕಿಣ್ವ.