ಬಾಳೆಹಣ್ಣು ಶುದ್ಧ, ಗೆಣಸಿನಲ್ಲಿ ವಿಷ

ಮಾರ್ಟಿನಿಕ್ ದ್ವೀಪದಲ್ಲಿ ರಸ್ತೆ ಬದಿ ಗೆಣಸು ಕೊಳ್ಳುವ ಜನ ಬೆಲೆಯ ಜೊತೆಗೆ ಇನ್ನೊಂದು ಮಾತನ್ನೂ ಕೇಳುವುದುಂಟು: ಇದು ಯಾವ ಮಣ್ಣಲ್ಲಿ ಬೆಳೆದದ್ದು? ಗೆಣಸು ನೋಡಲು ಚೆನ್ನಾಗಿಯೇ ಇರುತ್ತದೆ. ರುಚಿಯಲ್ಲೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಅದು ಹಳೆಯ ಬಾಳೆತೋಟದ ಜಾಗದಲ್ಲಿ ಬೆಳೆದಿದ್ದರೆ, ಒಳಗೆ ಕ್ಲೋರ್ಡೆಕೋನ್ ಎಂಬ ಕೀಟನಾಶಕ ಇರಬಹುದು. ಆ ಔಷಧಿ ಹಾಕುವುದು ನಿಂತು ಮೂವತ್ತು ವರ್ಷ ದಾಟಿದೆ.

ಮಾರ್ಟಿನಿಕ್, ಗ್ವಾಡೆಲೂಪ್ ಎರಡೂ ಕೆರಿಬಿಯನ್ ದ್ವೀಪಗಳು. ಆದರೆ ಆಡಳಿತದ ಲೆಕ್ಕದಲ್ಲಿ ಫ್ರಾನ್ಸ್ ದೇಶದ ಭಾಗ. ಒಂದೊಂದರಲ್ಲೂ ನಾಲ್ಕು ಲಕ್ಷಕ್ಕಿಂತ ಕಡಿಮೆ ಜನ. ಅಲ್ಲಿನ ದೊಡ್ಡ ಬೆಳೆ ಬಾಳೆ. ಬಹುಪಾಲು ಹಡಗು ಹತ್ತಿ ಯುರೋಪಿಗೆ ಹೋಗುತ್ತದೆ.

ಬಾಳೆಗೆ ಗೆಡ್ಡೆ ಕೊರೆಯುವ ಹುಳುವಿನ ಕಾಟ ನಮ್ಮ ರೈತರಿಗೂ ಗೊತ್ತು. ಒಂದು ಕಪ್ಪು ದುಂಬಿ ಗಿಡದ ಬುಡದಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಗೆಡ್ಡೆಯೊಳಗೆ ಸುರಂಗ ಕೊರೆಯುತ್ತದೆ. ಬೇರಿನ ಹಿಡಿತ ತಪ್ಪಿದ ಗಿಡ ಗೊನೆ ಸಮೇತ ಗಾಳಿಗೆ ಮಗುಚಿಕೊಳ್ಳುತ್ತದೆ. ಚಂಡಮಾರುತ ಬರುವ ದ್ವೀಪದಲ್ಲಿ ಇದು ಸಣ್ಣ ವಿಷಯ ಅಲ್ಲ. 1972ರಲ್ಲಿ ಫ್ರಾನ್ಸ್ ಸರ್ಕಾರ ಈ ಹುಳುವಿಗೆ ಕ್ಲೋರ್ಡೆಕೋನ್ ಬಳಸಲು ತಾತ್ಕಾಲಿಕ ಅನುಮತಿ ಕೊಟ್ಟಿತು. ಕೂಲಿಯವರು, ಅವರಲ್ಲಿ ಹೆಂಗಸರೂ ಇದ್ದರು, ಬಕೆಟ್‌ನಿಂದ ಬಿಳಿ ಪುಡಿಯನ್ನು ಕೈಯಲ್ಲಿ ತೆಗೆದು ಒಂದೊಂದು ಗಿಡದ ಬುಡಕ್ಕೂ ಎರಚಿದರು. ಎಷ್ಟೋ ಕಡೆ ಕೈಗವಸೂ ಇರಲಿಲ್ಲ.

ಅದು ವಿಷ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ ಅನ್ನುವ ಮಾತನ್ನು ಒಪ್ಪಲು ಆಗುವುದಿಲ್ಲ. 1974ರಲ್ಲಿ ಮಾರ್ಟಿನಿಕ್‌ನ ಬಾಳೆ ಕಾರ್ಮಿಕರು ಮುಷ್ಕರ ಹೂಡಿದಾಗ, ಕೂಲಿ ಹೆಚ್ಚಿಸಿ ಅನ್ನುವುದರ ಜೊತೆಗೆ ಈ ಪುಡಿ ನಿಲ್ಲಿಸಿ ಎಂದೂ ಕೇಳಿದ್ದರು. ಆ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರೊಬ್ಬರು ಬಲಿಯಾದರು. ಮರುವರ್ಷ ಅಮೆರಿಕದ ವರ್ಜೀನಿಯಾ ರಾಜ್ಯದ ಹೋಪ್‌ವೆಲ್ ಊರಿನಲ್ಲಿ ಇದೇ ರಾಸಾಯನಿಕ ತಯಾರಿಸುತ್ತಿದ್ದ ಕಾರ್ಖಾನೆ ಮುಚ್ಚಿತು. ಅಲ್ಲಿ ಅದರ ಹೆಸರು ಕೆಪೋನ್. ಕೆಲಸಗಾರರ ಕೈಕಾಲು ನಡುಗುತ್ತಿತ್ತು, ಕಣ್ಣು ಅದುರುತ್ತಿತ್ತು. ಪಕ್ಕದ ಜೇಮ್ಸ್ ನದಿಯಲ್ಲಿ ಮೀನು ಹಿಡಿಯುವುದಕ್ಕೇ ನಿಷೇಧ ಬಂತು. ಅಮೆರಿಕದಲ್ಲಿ ಅದರ ಬಳಕೆ ನಿಂತಿತು. ಕೆರಿಬಿಯನ್ ತೋಟಗಳಲ್ಲಿ ನಿಲ್ಲಲಿಲ್ಲ. 1979 ಮತ್ತು 1980ರ ಚಂಡಮಾರುತಗಳ ನಂತರ ಹುಳು ಹೆಚ್ಚಿತು ಎಂಬ ಕಾರಣ ಕೊಟ್ಟು 1981ರಲ್ಲಿ ಮತ್ತೆ ಅನುಮತಿ ಸಿಕ್ಕಿತು. 1990ರಲ್ಲಿ ಫ್ರಾನ್ಸ್ ಅದನ್ನು ನಿಷೇಧಿಸಿತು, ಆದರೆ ದ್ವೀಪಗಳಿಗೆ ಮಾತ್ರ ವಿನಾಯಿತಿ ಕೊಡುತ್ತಾ 1993ರವರೆಗೆ ಎಳೆಯಿತು. ಒಟ್ಟು ಸುಮಾರು 300 ಟನ್ ಕ್ಲೋರ್ಡೆಕೋನ್ ಆ ಮಣ್ಣು ಸೇರಿತು.

ಇಷ್ಟು ವರ್ಷ ಕಳೆದರೂ ಅದು ಯಾಕೆ ಕರಗಿಲ್ಲ? ಉತ್ತರ ಅದರ ಅಣುವಿನ ಆಕಾರದಲ್ಲಿದೆ. ಹತ್ತು ಇಂಗಾಲದ ಪರಮಾಣುಗಳು ಪಂಜರದ ಹಾಗೆ ಹೆಣೆದುಕೊಂಡಿವೆ. ಸುತ್ತಲೂ ಹತ್ತು ಕ್ಲೋರಿನ್, ಒಂದು ಆಮ್ಲಜನಕ. ಮಣ್ಣಿನ ಸೂಕ್ಷ್ಮಜೀವಿಗಳು ಸಾಮಾನ್ಯವಾಗಿ ಇಂಗಾಲದ ಕೊಂಡಿಗಳನ್ನು ಮುರಿದೇ ಬದುಕುತ್ತವೆ. ಇಲ್ಲಿ ಕ್ಲೋರಿನ್ ಕಾವಲು ನಿಂತಿರುವುದರಿಂದ ಅವಕ್ಕೆ ಬಾಯಿ ಹಾಕಲು ಜಾಗವೇ ಸಿಗುವುದಿಲ್ಲ. ಈ ಅಣು ಆವಿಯಾಗುವುದಿಲ್ಲ. ನೀರಿನಲ್ಲಿ ಕರಗುವುದೂ ತೀರಾ ಕಡಿಮೆ. ಮಣ್ಣಿನ ಸಾವಯವ ಅಂಶಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಮೇಲಾಗಿ ಇವು ಜ್ವಾಲಾಮುಖಿಯ ದ್ವೀಪಗಳು. ಮಾರ್ಟಿನಿಕ್‌ನಲ್ಲಿ ಪೆಲೆ ಬೆಟ್ಟ, ಗ್ವಾಡೆಲೂಪ್‌ನಲ್ಲಿ ಸುಫ್ರಿಯೇರ್. ಅವುಗಳ ಬೂದಿಯಿಂದಾದ ಮಣ್ಣಿನ ಜೇಡಿ ಸ್ಪಂಜಿನ ಹಾಗೆ, ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ವಿಷ ಅದರೊಳಗೆ ಸಿಕ್ಕಿಕೊಂಡರೆ ಹೊರಬರುವುದು ಬಹಳ ನಿಧಾನ. ಇದರಿಂದ ಒಂದು ಒಳ್ಳೆಯದೂ ಆಯಿತು: ಅಂಥ ಮಣ್ಣಿಂದ ಗಿಡಕ್ಕೆ ಏರುವ ಪ್ರಮಾಣ ಕಡಿಮೆ. ಕೆಟ್ಟದ್ದೇನೆಂದರೆ ಮಣ್ಣು ಶುದ್ಧವಾಗುವುದಕ್ಕೆ ಕೊನೆಯೇ ಕಾಣುವುದಿಲ್ಲ. ಮೊದಲ ಲೆಕ್ಕಾಚಾರಗಳು ಕೆಲವು ಜಾಗಕ್ಕೆ ಆರೇಳು ನೂರು ವರ್ಷ ಬೇಕು ಎಂದವು. ಈಚಿನ ಒಂದು ಲೆಕ್ಕ ಕೆಲವು ದಶಕ ಸಾಕು ಎನ್ನುತ್ತದೆ. ವಿಜ್ಞಾನಿಗಳ ನಡುವೆ ಈ ಚರ್ಚೆ ಮುಗಿದಿಲ್ಲ.

ನನಗೆ ಈ ಕಥೆಯಲ್ಲಿ ಸಹಿಸಲು ಆಗದ ಭಾಗ ಬೇರೆಯೇ. ವಿಷ ಬೇರಿನಿಂದ ಮೇಲೆ ಹೋದಷ್ಟೂ ಕಡಿಮೆಯಾಗುತ್ತದೆ. ಮಣ್ಣಿನೊಳಗೇ ಬೆಳೆಯುವ ಕೆಸುವಿನ ಗೆಡ್ಡೆ, ಹೆಗ್ಗೆಣಸು, ಗೆಣಸು, ಕ್ಯಾರೆಟ್‌ಗಳಿಗೆ ಜಾಸ್ತಿ. ಸೌತೆ, ಕುಂಬಳದಂಥ ಬಳ್ಳಿಗಳಿಗೆ ಸ್ವಲ್ಪ. ಟೊಮೆಟೊ, ಹುರುಳಿಕಾಯಿ, ನಿಂಬೆ, ದೀವಿಹಲಸುಗಳಿಗೆ ತಲುಪುವುದೇ ಇಲ್ಲ ಅನ್ನಬಹುದು. ಬಾಳೆಗೊನೆಯೂ ಅಷ್ಟೇ, ಅದು ನೆಲದಿಂದ ಅಷ್ಟು ಎತ್ತರದಲ್ಲಿರುತ್ತದೆ. ಹಾಗಾಗಿ ಯುರೋಪಿಗೆ ಹೋದ ಹಣ್ಣು ಶುದ್ಧ. ವಿಷ ಉಳಿದದ್ದು ಹಿತ್ತಲ ಗೆಡ್ಡೆಯಲ್ಲಿ, ಅಂಗಳ ಕೆದಕಿ ತಿನ್ನುವ ಕೋಳಿಯ ಮೊಟ್ಟೆಯಲ್ಲಿ, ಹೊಳೆಯ ಸಿಗಡಿಯಲ್ಲಿ, ದಡದ ಹತ್ತಿರದ ಮೀನಿನಲ್ಲಿ. ಅಂದರೆ ಬಡವರು ದುಡ್ಡು ಕೊಡದೆ ತಿನ್ನುತ್ತಿದ್ದುದೆಲ್ಲ ಕೆಟ್ಟಿತು. ಅಲ್ಲಿನ ಹಿತ್ತಲುಗಳಲ್ಲಿ ಗೆಡ್ಡೆ, ಸೊಪ್ಪು, ಹಣ್ಣು, ಔಷಧಿ ಗಿಡ ಎಲ್ಲ ಒಟ್ಟಿಗೇ ಬೆಳೆಯುತ್ತವೆ. ಬೆಳೆದದ್ದನ್ನು ನೆಂಟರಿಗೆ, ಪಕ್ಕದ ಮನೆಗೆ ಹಂಚುವುದು ಅಲ್ಲಿನ ರೂಢಿ. ವಿಷವೂ ಅದೇ ದಾರಿ ಹಿಡಿಯಿತು.

ಇದೆಲ್ಲ ಬಯಲಾದದ್ದೂ ತಡವಾಗಿ. 1999ರಲ್ಲಿ ಗ್ವಾಡೆಲೂಪ್‌ನ ಕುಡಿಯುವ ನೀರಿನ ಬುಗ್ಗೆಗಳಲ್ಲಿ ಕ್ಲೋರ್ಡೆಕೋನ್ ಸಿಕ್ಕಿತು. ಕೆಲವನ್ನು ಮುಚ್ಚಿದರು, ಉಳಿದವಕ್ಕೆ ಇದ್ದಿಲಿನ ಸೋಸುಕ ಹಾಕಿದರು. 2002ರಲ್ಲಿ ಫ್ರಾನ್ಸಿನ ಡಂಕರ್ಕ್ ಬಂದರಿನಲ್ಲಿ ಮಾರ್ಟಿನಿಕ್‌ನಿಂದ ಬಂದ ಸುಮಾರು ಒಂದೂವರೆ ಟನ್ ಗೆಣಸನ್ನು ಹಿಡಿದು ಹಾಕಿದರು. 2013-14ರಲ್ಲಿ ರಕ್ತ ಪರೀಕ್ಷೆ ಮಾಡಿ ನೋಡಿದಾಗ ಎರಡೂ ದ್ವೀಪಗಳ ವಯಸ್ಕರಲ್ಲಿ ಶೇ. 90ಕ್ಕಿಂತ ಹೆಚ್ಚು ಜನರ ಮೈಯಲ್ಲಿ ಅದು ಇತ್ತು. ಈ ಅಣು ದೇಹದೊಳಗೆ ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುತ್ತದೆ. 2010ರಲ್ಲಿ ಪ್ರಕಟವಾದ ಗ್ವಾಡೆಲೂಪ್‌ನ ಅಧ್ಯಯನವೊಂದು ರಕ್ತದಲ್ಲಿ ಇದರ ಪ್ರಮಾಣ ಹೆಚ್ಚಿದ್ದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವೂ ಹೆಚ್ಚು ಎಂದು ತೋರಿಸಿತು. ಗರ್ಭಿಣಿಯರ ಮೇಲಿನ ಅಧ್ಯಯನದಲ್ಲಿ ಅವಧಿಗೆ ಮೊದಲೇ ಹೆರಿಗೆಯಾಗುವುದರ ಜೊತೆ ಸಂಬಂಧ ಕಂಡಿತು.

ಮಣ್ಣಲ್ಲಿ ಸಿಕ್ಕಿಕೊಂಡ ವಿಷ ಸುಮ್ನೆ ಅಲ್ಲೇ ಇದ್ದರೆ ಒಂದು ಮಾತು. ಸಮುದ್ರದ ತಳದ ಕೆಸರನ್ನು ಪದರ ಪದರವಾಗಿ ಪರೀಕ್ಷಿಸಿದ ಸಂಶೋಧಕರು 2021ರಲ್ಲಿ ಹೊಸ ಸಂಗತಿ ಹೇಳಿದರು. 1990ರ ದಶಕದ ಕೊನೆಯಿಂದ ತೋಟಗಳಲ್ಲಿ ಕಳೆನಾಶಕ ಗ್ಲೈಫೋಸೇಟ್ ಬಳಕೆ ಹೆಚ್ಚಿತು. ಹುಲ್ಲು ಸತ್ತು ನೆಲ ಬರಿದಾಯಿತು. ಮಳೆಗೆ ಮಣ್ಣು ಕೊಚ್ಚಿ ಹೋಯಿತು. ಮಣ್ಣಿನ ಜೊತೆ ಹಳೆಯ ಕ್ಲೋರ್ಡೆಕೋನ್ ಕೂಡ ಕಡಲು ಸೇರಿತು. ಒಂದು ಔಷಧಿ ಇನ್ನೊಂದನ್ನು ಎಬ್ಬಿಸಿತು ನೋಡಿ. ಕಷ್ಟ ಬಂದದ್ದು ಮೀನುಗಾರರಿಗೆ. ದಡದ ಹತ್ತಿರ ಬಲೆ ಬೀಸುವಂತಿಲ್ಲ. ದೂರ ಹೋಗೋಣ ಅಂದರೆ ದೊಡ್ಡ ದೋಣಿ ಬೇಕು, ಇಂಧನ ಬೇಕು.

ದಕ್ಷಿಣ ಕನ್ನಡದವರಿಗೆ ಇದನ್ನು ಓದುವಾಗ ಕೊಕ್ಕಡ ನೆನಪಾಗದೆ ಇರದು. ಅಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಎಂಡೋಸಲ್ಫಾನ್ ಕೂಡ ಕ್ಲೋರಿನ್ ತುಂಬಿದ ಕೀಟನಾಶಕವೇ. ಕ್ಲೋರ್ಡೆಕೋನ್ 2009ರಲ್ಲಿ, ಎಂಡೋಸಲ್ಫಾನ್ 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬಹುಕಾಲ ಕರಗದೆ ಉಳಿಯುವ ವಿಷಗಳ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದ) ನಿಷೇಧದ ಪಟ್ಟಿ ಸೇರಿದವು. ಎರಡೂ ಕಡೆ ಬೆಳೆ ಮಾರಾಟಕ್ಕೆ ಹೋಯಿತು, ಕಾಯಿಲೆಯ ಭಾರ ಊರಿನವರ ಮೇಲೆ ಬಿತ್ತು.

ಫ್ರಾನ್ಸಿನ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರಾನ್ 2018ರಲ್ಲಿ ಮಾರ್ಟಿನಿಕ್‌ಗೆ ಬಂದಾಗ ಇದನ್ನು ಪರಿಸರದ ಹಗರಣ ಎಂದು ಕರೆದರು. ಕೀಟನಾಶಕಗಳ ನಡುವೆ ಕೆಲಸ ಮಾಡಿದವರಿಗೆ ಬರುವ ಪ್ರಾಸ್ಟೇಟ್ ಕ್ಯಾನ್ಸರನ್ನು 2021ರ ಕೊನೆಯಲ್ಲಿ ವೃತ್ತಿಯಿಂದ ಬಂದ ಕಾಯಿಲೆ ಎಂದು ಒಪ್ಪಿಕೊಳ್ಳಲಾಯಿತು. ಆದರೆ ಈ ವಿಷದ ಬಗ್ಗೆ ನಡೆಯುತ್ತಿದ್ದ ಕ್ರಿಮಿನಲ್ ಪ್ರಕರಣವನ್ನು 2023ರ ಜನವರಿಯಲ್ಲಿ ನ್ಯಾಯಾಧೀಶರು ಕೈಬಿಟ್ಟರು. ಇಷ್ಟು ಹಳೆಯ ಸಂಗತಿಗೆ ಸಾಕ್ಷಿ ಹೊಂದಿಸುವುದು ಕಷ್ಟ ಎಂಬುದು ಒಂದು ಕಾರಣ. 2025ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಮೇಲ್ಮನವಿ ನ್ಯಾಯಾಲಯವೊಂದು ಸರ್ಕಾರದ ತಪ್ಪನ್ನು ಎತ್ತಿ ಹೇಳಿ, ವಿಷ ಮೈ ಸೇರಿದೆ ಎಂಬ ಆತಂಕವನ್ನು ಸಾಬೀತು ಮಾಡಿದವರಿಗೆ ಪರಿಹಾರ ಕೊಡಬೇಕು ಎಂದಿತು.

ಈ ಮಧ್ಯೆ ದಿನದ ಅಡುಗೆ ಆಗಲೇಬೇಕಲ್ಲ? ವಿಜ್ಞಾನ ಇಲ್ಲಿ ಮನೆಯವರ ಜೊತೆ ನಿಂತಿದೆ ಅನ್ನುವುದು ನನಗೆ ಸಮಾಧಾನದ ಸಂಗತಿ. ಗೆಡ್ಡೆಯ ಸಿಪ್ಪೆಯನ್ನು ದಪ್ಪಗೆ ಹೆರೆದರೆ ವಿಷ ಎಷ್ಟೋ ಕಡಿಮೆಯಾಗುತ್ತದೆ. ದನಗಳನ್ನು ಶುದ್ಧ ಹುಲ್ಲುಗಾವಲಿಗೆ ಸಾಗಿಸಿ ಕೆಲವು ತಿಂಗಳು ಮೇಯಿಸಿದರೆ ಅವುಗಳ ಮೈಯಿಂದ ಅದು ಇಳಿಯುತ್ತದೆ. ಹಿತ್ತಲ ಮಣ್ಣನ್ನು ಪುಕ್ಕಟೆ ಪರೀಕ್ಷಿಸಿ, ಇಲ್ಲಿ ಕೆಸು ಬೇಡ, ಟೊಮೆಟೊ ಹಾಕಿ ಎಂದು ಹೇಳುವ ಯೋಜನೆ ಇದೆ. ಬರೀ ತಿನ್ನಬೇಡಿ ಅನ್ನುವುದಕ್ಕಿಂತ ಇದು ಎಷ್ಟೋ ಮೇಲು. ಮನುಷ್ಯರ ರಕ್ತದಲ್ಲೂ ಹೊಸ ವಿಷ ಸೇರದಿದ್ದರೆ ಸುಮಾರು ಐದೂವರೆ ತಿಂಗಳಿಗೆ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. 2021ರಿಂದ ರಕ್ತ ಪರೀಕ್ಷೆಯೂ ಪುಕ್ಕಟೆ. ಮಗು ಬೇಕು ಎಂದುಕೊಂಡಿರುವ ಹೆಣ್ಣುಮಗಳು ಮೊದಲು ಪರೀಕ್ಷೆ ಮಾಡಿಸಿ, ಆ ತಿಂಗಳುಗಳಲ್ಲಿ ಗೆಡ್ಡೆ ಎಲ್ಲಿಂದ, ಮೊಟ್ಟೆ ಎಲ್ಲಿಂದ, ಮೀನು ಎಲ್ಲಿಂದ ಎಂದು ನೋಡಿಕೊಂಡು, ಮತ್ತೆ ಪರೀಕ್ಷೆ ಮಾಡಿಸಬಹುದು.